ದಿಂಬುಕಲ್ಲು

ಸೊಹಾರದಿಂದ ಪಡುವಣಕ್ಕೆ, ವಾದಿ ಜಿಝ್ಝಿಯ ಒಣಹೊಳೆಯ ಮಗ್ಗುಲಲ್ಲಿ
ನಮ್ಮ ಡ್ರಿಲ್ಲಿಂಗ್ ಕ್ಯಾಂಪು. ಐದು ಕ್ಯಾಬಿನ್, ಒಂದು ಜನರೇಟರ್,
ಹದಿನೇಳು ಬಾಯಿಗೆ ನಾನೊಬ್ಬ ಅಡುಗೆಯವ.

ದಂಡೆಯುದ್ದಕ್ಕೂ ಕರಿಕಲ್ಲಿನ ದಿಂಬುಗಳು, ಒಂದರ ಮೇಲೊಂದು,
ಯಾರೋ ಹತ್ತಿ ತುರುಕಿ ಬಿಸಿಲಿಗೆ ಹಾಕಿ
ಒಳಗೆ ತರಲು ಮರೆತಂತೆ.
ಇದು ಕಡಲ ತಳವಾಗಿತ್ತು, ಅಂದರು ರಹ್ಮಾ ಮೇಡಂ,
ಲಾವಾ ತಣ್ಣೀರಿಗೆ ಕಾಲಿಟ್ಟೊಡನೆ ಸಿಪ್ಪೆ ಕಟ್ಟಿ ಉಂಡೆಯಾಯಿತು.
ಮುಟ್ಟಿದೆ. ಮಧ್ಯಾಹ್ನ ಎರಡು ಗಂಟೆ, ಕೈ ಚುರ್ರೆಂದಿತು.
ಇನ್ನೂ ಆರಿಲ್ಲ ಮೇಡಂ.

ಒಳಗೆ ಕುದಿಯುತ್ತಾ ಇದೆಯಾ, ಕುಚ್ಚಲಕ್ಕಿ ಗಂಜಿಯ ಹಾಗೆ?
ಅರ್ಧ ಹಿಂದಿ ಅರ್ಧ ಅರಬಿಯಲ್ಲಿ ಉತ್ತರ:
ಕುದಿಯುವುದಿಲ್ಲ ತಿಂಗಳಾಯ. ಅದು ಕಲ್ಲು. ಗಟ್ಟಿ ಕಲ್ಲು.
ಆದರೂ ಹರಿಯುತ್ತದೆ.
ಕಾದದ್ದು ಏರುತ್ತದೆ, ತಣಿದದ್ದು ಇಳಿಯುತ್ತದೆ,
ಒಂದು ಸುತ್ತಿಗೆ ಕೋಟಿಗಟ್ಟಲೆ ವರ್ಷ, ಉಗುರು ಬೆಳೆಯುವ ವೇಗ.
ಉಗುರು ನೋಡಿಕೊಂಡೆ. ಅಂಚಿನಲ್ಲಿ ಅರಶಿನ.

ಆಮೇಲೆ ನೆನಪಾಯಿತು, ಅಮ್ಮ ಡಬ್ಬಿಯಲ್ಲಿಡುತ್ತಿದ್ದ ಓಲೆಬೆಲ್ಲ.
ಗುಂಡುಕಲ್ಲಿನಿಂದ ಕುಟ್ಟಿದರೆ ಚೂರಾಗುವಷ್ಟು ಗಟ್ಟಿ,
ಆಟಿ ಕಳೆಯುವಷ್ಟರಲ್ಲಿ ನೋಡಿದರೆ
ಡಬ್ಬಿಯ ಮೂಲೆಗೆ ವಾಲಿ, ಮೂಲೆಯದೇ ಆಕಾರ.
ಹರಿದದ್ದನ್ನು ಕಂಡವರಿಲ್ಲ.
ಅದೇ! ಅಂದರು ಮೇಡಂ. ಪುಸ್ತಕ ತೆಗೆದು ಬರೆದುಕೊಂಡರು.
ಓಲೆಬೆಲ್ಲವನ್ನು ಅರಬಿಯಲ್ಲಿ ಹೇಗೆ ಬರೆದರೋ.

ಹಾಗಾದರೆ ನೆಲ ನಡೆಯುವುದು ಕೆಳಗಿನವನು ದೂಡಿಯಾ?
ದೂಡುವುದು ಕಡಿಮೆ, ಎಳೆಯುವುದು ಹೆಚ್ಚು.
ತಣಿದು ಭಾರವಾದ ತಳ ಅಂಚಿನಲ್ಲಿ ಬಾಗಿ ಮುಳುಗುತ್ತದೆ
ಹಿಂದಿನದನ್ನೆಲ್ಲ ಎಳೆದುಕೊಂಡು.
ಇದನ್ನು ಮಲ್ಪೆಯವನಿಗೆ ಹೇಳಿಕೊಡಬೇಕಾಗಿಲ್ಲ.
ಹದಿನಾಲ್ಕು ವರ್ಷ ಬಲೆ ಬಿಟ್ಟಿದ್ದೇನೆ.
ಸೀಸದ ಮಣಿಯ ಅಂಚು ನೀರಿಗಿಳಿದರೆ ಸಾಕು,
ದೋಣಿಯಲ್ಲಿ ಮಡಚಿಟ್ಟದ್ದು ತಾನಾಗಿ ಬಿಚ್ಚಿಕೊಂಡು ಸರಸರ ಜಾರುತ್ತದೆ,
ಕಾಲು ಸಿಕ್ಕಿಸಿಕೊಂಡವನನ್ನೂ ಸೇರಿಸಿ.
ವಾಮನಣ್ಣ ಹೋದದ್ದು ಹಾಗೆ.

ಈ ಬಲೆ ಇಳಿಯುವುದು ಎದುರು ದಡದಲ್ಲಿ, ಮಕ್ರಾನಿನ ಅಡಿಗೆ.
ನಮ್ಮ ಡ್ರೈವರ್ ಮುರಾದನ ಊರು ಅಲ್ಲೇ, ಜೀವಾನಿಯ ಹತ್ತಿರ.
ಅಲ್ಲಿ ಕೆಸರು ಉಗುಳುವ ಗುಡ್ಡಗಳಿವೆ,
ಅದರಿಂದಾಚೆ, ದೂರದಲ್ಲಿ, ಹೊಗೆಯಾಡುವ ನಿಜದ ಅಗ್ನಿಪರ್ವತ.
ಮುಳುಗಿದ ತಳ ತನ್ನ ನೀರನ್ನು ಮೇಲಿನ ಕಲ್ಲಿಗೆ ಬಿಟ್ಟುಕೊಡುತ್ತದಂತೆ,
ನೀರು ಸೋಕಿದ ಕಲ್ಲು ಬೇಗ ಕರಗುತ್ತದಂತೆ.
ಮುರಾದ್ ಸುಲೈಮಾನಿ ಚಾ ಹೀರಿ ಅಂದ:
ಈ ದೇಶವೇ ನಮ್ಮೂರಿಗೆ ಹೊರಟಿದೆ.
ನನಗೆ ಮಾತ್ರ ಮೂರು ವರ್ಷದಿಂದ ರಜೆಯಿಲ್ಲ.

ಇನ್ನೊಂದು ಮಾತು ಮಾತ್ರ ನಾನು ಒಪ್ಪಿರಲಿಲ್ಲ.
ನಡುಗಡಲಲ್ಲಿ ನೆಲ ಬಿರಿಯುವಲ್ಲಿ
ಏರಿಬರುವ ಕಲ್ಲು ಕರಗುವುದು ಬಿಸಿ ಹೆಚ್ಚಿ ಅಲ್ಲವಂತೆ,
ಮೇಲಿನ ಭಾರ ಇಳಿದು.
ಭಾರ ಇಳಿದರೆ ಯಾರಾದರೂ ಕರಗುತ್ತಾರಾ?

ರಂಜಾನ್ ಕಳೆದ ವಾರ ಮುರಾದನ ರಜೆಯ ಕಾಗದ ಬಂತು.
ತಾಯಿ ತೀರಿದ ಸುದ್ದಿ ಬಂದ ದಿನ
ಒಂದೂ ಮಾತಾಡದೆ ನೀರಿನ ಟ್ಯಾಂಕರ್ ಓಡಿಸಿದವ,
ಅಡುಗೆಮನೆಗೆ ಬಂದು ಅಕ್ಕಿಚೀಲದ ಮೇಲೆ ಕೂತು
ಮಗುವಿನಂತೆ ಅತ್ತ.
ಈರುಳ್ಳಿ ಹೆಚ್ಚಿ ಆಗಲೇ ಒಂದು ಗಂಟೆಯಾಗಿತ್ತು.
ನಾನು ಒಲೆ ಸಣ್ಣಗೆ ಮಾಡಿದೆ.

ಮೇಡಂಗೆ ಫೋನಿನಲ್ಲಿ ನಮ್ಮ ತೋನ್ಸೆಪಾರು ತೋರಿಸಿದೆ,
ಅಲೆಯ ನಡುವೆ ಎದ್ದ ಮೂಲೆಮೂಲೆಯ ಕಲ್ಲುಕಂಬಗಳು,
ಹುಡುಗರಾಗಿದ್ದಾಗ ಅಂಗಿ ಒಣಹಾಕುತ್ತಿದ್ದದ್ದು ಅವುಗಳ ಮೇಲೆ.
ಬಹಳ ಹೊತ್ತು ನೋಡಿದರು.
ಮಡಗಾಸ್ಕರ್ ನಿಮ್ಮನ್ನು ಬಿಟ್ಟು ಹೋದ ಕಾಲದ ಲಾವಾ,
ಇಲ್ಲಿಯದಕ್ಕಿಂತ ಕೆಲವು ಲಕ್ಷ ಲಕ್ಷ ವರ್ಷ ಕಿರಿದು, ಅಷ್ಟೆ.
ಕೇರಿಯ ಹುಡುಗನೊಬ್ಬ ಪರಊರಿನ ಬಸ್ಸಿನಲ್ಲಿ ಸಿಕ್ಕಂತಾಯಿತು ನನಗೆ.

ಜನರೇಟರ್ ಕೈಕೊಟ್ಟ ರಾತ್ರಿ ಹೊರಗೇ ಮಲಗುತ್ತೇವೆ.
ತಲೆಯಡಿ ದಿಂಬುಕಲ್ಲು, ಅದರ ಮೇಲೆ ಮಡಚಿದ ಬೈರಾಸು.
ಹಗಲಿನದೋ ಅದಕ್ಕೂ ಹಿಂದಿನದೋ, ಒಂದು ಬಿಸಿ
ಕಿವಿಗೆ ತಗಲುತ್ತದೆ.
ಪಕ್ಕದ ಚಾಪೆ ಖಾಲಿ.
ನಾಲ್ಕಕ್ಕೆ ಏಳಬೇಕು, ಗಂಜಿಗೆ ನೀರಿಡಬೇಕು,
ನಾಳೆಯಿಂದ ಹದಿನಾರು ಬಾಯಿ.